ಉಣ್ಣುವ ಮೊದಲು ಪಾಲ್ಕಿಗುಂಡು

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಅಂಗಳದ ಕಾದ ಫರಸಿಕಲ್ಲಿನ ಮೇಲೆ ಒಂದು ಕೊಡ ನೀರು ಸುರಿದಳು. ಎದ್ದ ಆ ವಾಸನೆಗೆ ನಾನು ಕೂತಲ್ಲೇ ಕೊಪ್ಪಳದ ಗುಡ್ಡ ಹತ್ತಿಬಿಟ್ಟೆ. ಮನೆಯ ಮೆಟ್ಟಿಲಿಗೇ ಏದುಸಿರು ಬಿಡುವವಳಿಗೆ ಈಗ ಇಂಥ ಹತ್ತುವಿಕೆಯೇ ಗತಿ ಅನ್ನಿ.

ಗುಡ್ಡ ಅಂದರೆ ನನಗೆ ನಮ್ಮ ಕಾಕಾ, ಅಪ್ಪನ ತಮ್ಮ. ಅಪ್ಪ ತೀರಿದ ಮೇಲೆ ನಮ್ಮನ್ನು ಸಾಕಿದವರು, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ನಿಜಾಮರ ಕಾಲ, ಮೋಟಾರಿನ ಸದ್ದಾದರೆ ಓಣಿಯ ಮಂದಿಯೆಲ್ಲ ಹೊರಗೆ ಬರುತ್ತಿದ್ದ ದಿನಗಳು. ಮನೆಗೆ ಯಾರೇ ಬರಲಿ, ಊಟಕ್ಕೆ ಮೊದಲು ಅವರನ್ನು ಕಾಕಾ ಊರು ನೋಡಲು ಹೊರಡಿಸುತ್ತಿದ್ದರು. ಕೋಟೆ, ಗವಿಮಠದ ಗುಡ್ಡ, ಕೊನೆಗೆ ಎರಡು ಬಂಡೆಗಳ ಮೇಲೆ ಹಾಸುಬಂಡೆಯೊಂದು ಪಲ್ಲಕ್ಕಿಯಂತೆ ಕೂತಿರುವ ಪಾಲ್ಕಿಗುಂಡು. ಎಲ್ಲ ಕಾಲ್ನಡಿಗೆಯಲ್ಲೇ.

“ಊರು ನೋಡದ ಉಂಡ್ರ ಮೈಗೆ ಹತ್ತಂಗಿಲ್ಲ ನೋಡ್ರಿ” ಎನ್ನುವುದು ಅವರ ಮಾತು.

ಅಲ್ಲಿ ಕೊರೆದಿರುವ ಅಶೋಕನ ಶಾಸನದ ಅಕ್ಷರ ಅವರಿಗೇನೂ ಬರುತ್ತಿರಲಿಲ್ಲ. ಆದರೂ ಬಂಡೆಯ ಮೇಲೆ ಬೆರಳಾಡಿಸಿ, ಜೀವಿಗಳಿಗೆ ದಯೆ ತೋರಿಸಬೇಕೆಂದು ಬರೆದಿದೆ ಎಂದು ಘನವಾಗಿ ಓದುತ್ತಿದ್ದರು. ಹಸಿದಿದ್ದ ಕುಕನೂರಿನ ನೆಂಟರೊಬ್ಬರು, ಹಾಗಿದ್ದರೆ ಆ ದಯೆ ನಮ್ಮಿಂದಲೇ ಶುರುವಾಗಲಿ ಎಂದರಂತೆ.

ನನ್ನನ್ನು ನೋಡಲು ಗಂಗಾವತಿಯಿಂದ ಅಕ್ಕಿ ವ್ಯಾಪಾರಸ್ಥರು ಬಂದ ದಿನವೂ ಕಾಕಾ ಪದ್ಧತಿ ಬಿಡಲಿಲ್ಲ. ಮೇಲಾಗಿ ನನ್ನನ್ನೂ ಹೊರಡಿಸಿದರು. ಹೆಣ್ಣು ಚಾಪೆಯ ಮೇಲೆ ತಲೆ ಬಗ್ಗಿಸಿ ಕೂಡಬೇಕೇ ಹೊರತು ಬೀಗರ ಜೊತೆ ಗುಡ್ಡ ಹತ್ತುವುದುಂಟೇ ಎಂದು ಅವ್ವ ಹಣೆ ಬಡಿದುಕೊಂಡಳು. ಅಂಥ ಅನುಕೂಲಸ್ಥರ ಮನೆ ಮತ್ತೆ ಸಿಗುವುದಿಲ್ಲವೆಂಬುದು ಅವಳ ಚಿಂತೆ.

ಹುಡುಗ ನೋಡಲು ಚೆಂದವಿದ್ದ. ನನ್ನ ಮನಸ್ಸಿಗೂ ಬಂದಿದ್ದ, ಸುಳ್ಳೇಕೆ ಹೇಳಲಿ. ದಾಪುಗಾಲು ಹಾಕುತ್ತ ಎಲ್ಲರಿಗಿಂತ ಮುಂದೆ ಹೋದ. ಅವನ ತಾಯಿಗೆ ಮೊಣಕಾಲು ನೋವು; ಅರ್ಧ ಗುಡ್ಡದಲ್ಲಿ ಬಿಸಿಲಿನಲ್ಲೇ ಕೂತುಬಿಟ್ಟರು. ಆ ತಾಯಿಗೆ ಕಾಕಾ ತಂಬಿಗೆಯ ನೀರು ಕುಡಿಸಿ, ಉಳಿದದ್ದನ್ನು ಅವರ ಪಾದಕ್ಕೆ ಸುರಿದರು. ಕಾದ ಬಂಡೆಯಿಂದ ವಾಸನೆ ಎದ್ದಿತು. ಮಗ ಮೇಲೆ ನಿಂತು, ಇನ್ನೂ ಎಷ್ಟು ಹೊತ್ತು ಎಂದು ಕೂಗಿದ. ಇಳಿದು ಬರಲಿಲ್ಲ.

ಊಟ ಮುಗಿಸಿ ಎಲೆಅಡಿಕೆ ಹಾಕುತ್ತ ಹುಡುಗನ ತಂದೆ ತಮಗೆ ಒಪ್ಪಿಗೆ ಎಂದರು. ಅವ್ವನ ಮುಖ ಅರಳಿತು. ಹೆಣ್ಣನ್ನು ಕೇಳುವ ಕಾಲವಲ್ಲ ಅದು. ಕಾಕಾ ಬಾಗಿಲ ಮರೆಯಲ್ಲಿದ್ದ ನನ್ನನ್ನು ಕರೆದರು.

“ನೀ ಏನಂತಿ ಯವ್ವಾ?”

ನಾನು ಬಾಗಿಲು ದಾಟಿ ಮುಂದೆ ಬಂದೆ.

“ಅವರವ್ವ ಬಿಸಲಾಗ ಕುಂತಿದ್ರು. ಅವರು ಇಳದು ಬರ್ಲಿಲ್ರಿ ಕಾಕಾ. ನನಗ ಬ್ಯಾಡ್ರಿ.”

ಬೀಗರು ಎದ್ದು ಹೊರಟರು. ಹುಡುಗನ ತಾಯಿ ಮಾತ್ರ ಹೊಸ್ತಿಲಲ್ಲಿ ನಿಂತು ನನ್ನ ಗಲ್ಲ ಮುಟ್ಟಿದರು.

ಸುದ್ದಿ ಊರೆಲ್ಲ ಹಬ್ಬಿ, ಬಹಳ ದಿನ ಯಾವ ವರವೂ ನಮ್ಮ ಮನೆಯತ್ತ ಸುಳಿಯಲಿಲ್ಲ. ಅವ್ವ ಮಾತು ಬಿಟ್ಟಳು. ಕಾಕಾ ಒಂದು ದಿನವೂ ನನ್ನೆದುರು ಮುಖ ಸಣ್ಣದು ಮಾಡಲಿಲ್ಲ. ಅದಕ್ಕೇ ಅವರೆಂದರೆ ನನಗೆ ಇಂದಿಗೂ ದೇವರ ಸಮಾನ. ಮುಂದೆ ನನ್ನನ್ನು ನೋಡಲು ಬಂದ ಬೇವೂರಿನವರೊಬ್ಬರು ಕಾಕಾನ ಜೊತೆ ಗುಡ್ಡ ಹತ್ತಿ ಬಂದರು. ಆ ಮನೆಯಲ್ಲಿ ಸುಖವಾಗಿ ಬಾಳಿದೆ.

ಕಾಕಾನಿಗೆ ಊರಿನ ಹುಚ್ಚು ಎಂದು ನಾವೆಲ್ಲ ನಗುತ್ತಿದ್ದೆವು. ಅಂದು ಬೀಗರಿಗೆ ಊರು ತೋರಿಸುವ ನೆಪದಲ್ಲಿ ಅವರು ನನಗೆ ಬೀಗರನ್ನು ತೋರಿಸಿದರೇನೋ ಎಂದು ಮೊನ್ನೆಯೇ ಮೊದಲ ಸಲ ಹೊಳೆಯಿತು.

ಮೊಮ್ಮಗಳಿಗೂ ಈಗ ವರ ನೋಡುತ್ತಿದ್ದಾರೆ. ಭಾನುವಾರ ಹುಡುಗನನ್ನು ಹೋಟೆಲಿನಲ್ಲಿ ಭೇಟಿಯಾಗುತ್ತಾಳಂತೆ. ಅವಳನ್ನು ಹತ್ತಿರ ಕರೆದು ಹೇಳಿದೆ:

“ಹೋಟೆಲ್ ಆಮ್ಯಾಲ ಆಗ್ಲಿ. ಮೊದ್ಲು ಅವನ್ನ ಪಾಲ್ಕಿಗುಂಡಿಗೆ ಕರ್ಕೊಂಡ್ ಬಾ. ನಾನೂ ಬರ್ತೀನಿ. ಹಿಂದಿಂದ ಸಾವಕಾಶ ಹತ್ತತೀನಿ.”