ನೀರುಂಡ ಹತ್ತಿ

ತೊಂಬತ್ತರ ದಶಕದ ಆ ಶುರುವಿನ ವರ್ಷಗಳಲ್ಲಿ ನಮ್ಮ ನಾಗಮಂಗಲದ ಕಡೆ ಮಳೆ ಕೈಕೊಟ್ಟರೆ ಅದು ಯಾರಿಗೂ ದೊಡ್ಡ ಸುದ್ದಿಯಲ್ಲ. ಎಲ್ಲರೂ ರಾಗಿಯ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ಹುಚ್ಚೆಳ್ಳು ಹಾಕಿದರೆ ನಮ್ಮ ಅಜ್ಜಿ ಮೇಲಿನ ಹೊಲದ ಸಾಲುಗಳಿಗೆ ಹತ್ತಿ ಹಾಕುತ್ತಿದ್ದಳು. ದೀಪದ ಬತ್ತಿಗೆ, ದಿಂಬಿಗೆ ಆಗುವಷ್ಟು ಅಷ್ಟೆ. ಬೀಜ ಅವಳ ತಾಯಿಯ ಕಾಲದ್ದು. ಎಳೆಯ ಹತ್ತಿಕಾಯಿ ಅಗಿದರೆ ಸಿಹಿಸಿಹಿಯಾಗಿರುತ್ತಿತ್ತು. ನಾವು ಹುಡುಗಿಯರು ಕದ್ದು ತಿಂದು, ಬಾಯಿ ಒರೆಸಿಕೊಂಡು, ಏನೂ ಅರಿಯದವರ ಹಾಗೆ ಮನೆಗೆ ಬರುತ್ತಿದ್ದೆವು.

ಆದರೆ ಪಟ್ಟಿ ಕಟ್ಟಿದ ಗಿಡ ಮುಟ್ಟಿದರೆ ಬೆನ್ನು ಮುರಿಯುವ ಹಾಗೆ ಏಟು. ರಾಗಿ ಮೊಳಕಾಲುದ್ದ ಬಂದ ಮೇಲೆ ಮಳೆ ನಿಂತು ಹೊಲ ಬಿರುಕು ಬಿಡುತ್ತಿತ್ತಲ್ಲ, ಆಗ ಅಜ್ಜಿ ಉರಿಬಿಸಿಲಲ್ಲೇ ಹೋಗಿ ಸಾಲು ಸಾಲು ನೋಡುವಳು. ಮಿಕ್ಕ ಗಿಡಗಳೆಲ್ಲ ಎಲೆ ಇಳಿಬಿಟ್ಟಿರುವಾಗ ಯಾವುದು ಎಲೆ ಬಿಚ್ಚಿಕೊಂಡು ನಿಂತಿದೆಯೋ ಅದಕ್ಕೆ ಹಳೆ ಸೀರೆಯ ಕೆಂಪು ಅಂಚು ಹರಿದು ಕಟ್ಟುವಳು. ಮುಂದಿನ ವರ್ಷದ ಬೀಜ ಅವುಗಳದ್ದೇ. ಬೇರೆ ಗಿಡ ಕಣ್ಣೆದುರು ಸತ್ತರೂ ಒಂದು ಚೊಂಬು ನೀರು ಹಾಕುತ್ತಿರಲಿಲ್ಲ. ಹಳೆಯ ಬೀಜ ಹುಳು ಹಿಡಿಯುತ್ತದೆಂದು ಉಳಿಸುತ್ತಲೂ ಇರಲಿಲ್ಲ, ಇದ್ದಷ್ಟನ್ನೂ ಬಿತ್ತಿಬಿಡುವಳು.

ನಮ್ಮ ಚಿಕ್ಕಮ್ಮ ಪಾಂಡವಪುರದ ನಾಲೆ ಬಯಲಿನವಳು. ಮದುವೆಯಾಗಿ ಬಂದಾಗಿನಿಂದ ನಮ್ಮೂರಿನ ಮೇಲೆ ಮೂಗು ಮುರಿಯುವುದೇ ಕೆಲಸ. ನೀರು ಸವಳು, ಹೊಲ ನೋಡಿದರೆ ಕಣ್ಣುರಿ, ಹುರುಳಿ ಸಾರು ತಿಂದು ತಿಂದು ನಾಲಗೆ ಸತ್ತುಹೋಯಿತು. ಅಜ್ಜಿಯೇನು ಕಡಿಮೆ? ತೂಬು ಎತ್ತಿದರೆ ಬೆಳೆ ಬರುತ್ತದೆ ಅನ್ನುವವರಿಗೆ ಬೇಸಾಯವೇನು ಗೊತ್ತು ಎಂದು ಕೇಳಿಸುವ ಹಾಗೇ ಗೊಣಗುವಳು. ಒಲೆ ಮುಂದೆ ಇಬ್ಬರೂ ಇದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ಆ ವರ್ಷ ಮಳೆ ನಿಂತ ಹೊತ್ತಿಗೇ ಸಂತೆಬಾಚಹಳ್ಳಿಯಲ್ಲಿದ್ದ ಅಜ್ಜಿಯ ತಮ್ಮ ತೀರಿಕೊಂಡ. ಅಜ್ಜಿ ತಿಥಿ ಮುಗಿಸಿ ಬಂದವಳೇ ಸೀರೆ ಅಂಚಿನ ಚೂರುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲಕ್ಕೆ ನಡೆದಳು, ಹಿಂದೆಯೇ ನಾನು. ಹತ್ತಿಯೆಲ್ಲ ನಳನಳಿಸುತ್ತಿತ್ತು. ಚಿಕ್ಕಮ್ಮ ಕೆಳಗಿನ ಕಟ್ಟೆಯಿಂದ ಬಿಂದಿಗೆ ಹೊತ್ತು ಒಂದು ಗಿಡವೂ ಬಿಡದಂತೆ ನೀರು ಹುಯ್ದು, ಇನ್ನೂ ಅಲ್ಲೇ ಬದುವಿನ ಮೇಲೆ ಕೂತಿದ್ದಳು.

“ಯಾರ್ನ ಕೇಳಿ ನೀರುಯ್ದೆ?” ಎಂದಳು ಅಜ್ಜಿ.

“ಸಾಯ್ತಿದ್ದೊ ಅತ್ತೆ. ನೋಡ್ಕಂಡು ಸುಮ್ನೆ ಕೂತ್ಕಬೇಕಿತ್ತಾ?”

“ಸಾಯೋವು ಸಾಯ್ಲಿ ಅಂತಲೇ ಕಣಮ್ಮಿ ಬುಟ್ಟಿದ್ದು. ಈಗ ಬದುಕೋದು ಯಾವ್ದು ಅಂತ ನಾನೆಂಗೆ ತಿಳ್ಕಳ್ಳಿ?”

ಚಿಕ್ಕಮ್ಮ ಸೆರಗು ಕೊಡವಿ ಎದ್ದು ಹೋದಳು. ಪಾಪ, ಒಳ್ಳೆಯದಕ್ಕೇ ಮಾಡಿದಳು ಎಂದು ಮನೆಯವರೆಲ್ಲ ಅಂದರು. ನಾನು ಇವತ್ತಿಗೂ ನಂಬುವುದಿಲ್ಲ. ಪಟ್ಟಿ ಕಟ್ಟುವುದು ಯಾಕೆಂದು ಅವಳಿಗೆ ಅಜ್ಜಿಯೇ ಹಿಂದಿನ ವರ್ಷ ಹೇಳಿದ್ದಳು. ನಾನು ಪಕ್ಕದಲ್ಲೇ ಇದ್ದೆ.

ಹತ್ತಿಯೇನೋ ಯಾವ ವರ್ಷವೂ ಬರದಷ್ಟು ಬಂತು. ಚಿಕ್ಕಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅಜ್ಜಿ ಜಗಲಿಯಲ್ಲಿ ಕೂತು ಅರಳೆ ಬಿಡಿಸಿ, ಬೀಜವನ್ನೆಲ್ಲ ನೆನೆಹಾಕಿ, ಒರಳಿಗೆ ಸುರಿದು ರುಬ್ಬತೊಡಗಿದಳು. ಪ್ರತಿ ವರ್ಷ ಬೂದಿ ಬೆರೆಸಿ ತುಂಬಿಡುತ್ತಿದ್ದ ಸೋರೆಬುರುಡೆ ಪಕ್ಕದಲ್ಲೇ ಬರಿದಾಗಿ ಬಿದ್ದಿತ್ತು. ನಾನು ಒಂದೇ ಒಂದು ಹಿಡಿ ಉಳಿಸು ಎಂದು ಅವಳ ಕೈ ಹಿಡಿದುಕೊಂಡು ಅತ್ತೆ.

“ಯಾವ ಹಿಡಿ ಮಡಗ್ಲಿ? ಎಲ್ಲಾ ನೀರುಂಡವೆ. ಸುಳ್ಳು ಬೀಜ ಬಿತ್ತಿ ಹೊಲಕ್ಕೆ ಮೋಸ ಮಾಡ್ಲಾ?” ಎಂದು ನನ್ನ ಕೈ ಬಿಡಿಸಿದಳು.

ರುಬ್ಬಿದ್ದನ್ನು ಹೊತ್ತು ಹೋಗಿ ಚಿಕ್ಕಮ್ಮ ತವರಿನಿಂದ ತಂದಿದ್ದ ಹಸುವಿನ ಮುಂದೆಯೇ ಇಟ್ಟಳು. ಎರಡು ಹೊತ್ತಿನಲ್ಲಿ ಕಲಗಚ್ಚಿನ ಬಾನಿ ಖಾಲಿ. ಹಾಲು ಗಟ್ಟಿ ಬಂದಿದೆ ಎಂದು ಡೈರಿಯಲ್ಲಿ ಹೊಗಳಿದರಂತೆ, ಚಿಕ್ಕಮ್ಮ ಹಿಗ್ಗುತ್ತಾ ಬಂದು ಹೇಳಿದಳು. ಇಬ್ಬರ ಮೇಲೂ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಈಗ ಅಜ್ಜಿಯಿಲ್ಲ. ಮೇಲಿನ ಹೊಲಕ್ಕೆ ಬೋರು ಬಂದು ತೆಂಗು ನಿಂತಿದೆ, ಅಕ್ಕಡಿ ಸಾಲು ಅಂದರೆ ನನ್ನ ಮಕ್ಕಳು ಮುಖ ಮುಖ ನೋಡುತ್ತಾರೆ. ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಚಿಕ್ಕಮ್ಮನಿಗೂ ವಯಸ್ಸಾಗಿದೆ. ಪ್ಯಾಕೆಟ್ ಬತ್ತಿ ಹಚ್ಚುತ್ತಾ, ಇದು ಬರೀ ಕರಿ ಕಟ್ಟುತ್ತದೆ, ಆ ಮುದುಕಿ ಹಟ ಬಿಟ್ಟು ನಾಲ್ಕು ಬೀಜ ಇಟ್ಟಿದ್ದರೆ ಏನಾಗುತ್ತಿತ್ತು ಎಂದಳು. ನೀನು ಹೊತ್ತ ಬಿಂದಿಗೆ ಮರೆತೆಯಾ ಅಂದೆ.

“ಅದ್ನ ಇನ್ನೂ ಮನ್ಸಲ್ಲಿ ಮಡಿಕಂಡಿದೀಯಾ?” ಎಂದಳು.

“ಊಂ, ಮಡಿಕಂಡಿವ್ನಿ. ಆ ಹೊಲದ್ದು ಅಂತ ಮಡಿಕಳಕ್ಕೆ ಬೇರೇನೂ ಉಳಿಸ್ಲಿಲ್ವಲ್ಲ ನೀವಿಬ್ರು.”