ಕಾಲಿನ ಗುಳ್ಳೆಗೆ ನಾನೇ ಕೊಟ್ಟ ಸಲಹೆ

“ನಿಮ್ಮ ಕಾಲು ಇನ್ನೂ ಗುಣ ಆಗ್ಲಿಲ್ವಾ ಮಾರಾಯ್ರೇ?”

ಜಯಪುರದ ಮೆಡಿಕಲ್ ಶಾಪಿನ ಮುಂದೆ, ಒದ್ದೆ ಶೂ ಹಾಕಿಕೊಂಡು, ಒಂದು ಪಾದವನ್ನು ಇನ್ನೊಂದರಿಂದ ಉಜ್ಜುತ್ತ ಮುಲಾಮಿಗಾಗಿ ಕಾಯುತ್ತಿದ್ದ ನಾನು ಬೆಚ್ಚಿ ತಿರುಗಿದೆ. ಕಾಯಿನ್ ಫೋನಿನ ಪಕ್ಕ ನಿಂತಿದ್ದ ಆ ಹೆಂಗಸನ್ನು ಎಂದೂ ನೋಡಿದ ನೆನಪಿರಲಿಲ್ಲ.

ಕಾಫಿ ತೋಟದಲ್ಲಿ ಕೆಲಸವಂತೆ. ಹೋದ ಮಳೆಗಾಲದಲ್ಲಿ ಕೊಪ್ಪದ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿದ್ದರಂತೆ. ಆಗ ಅವರ ಅಂಗಾಲಿನಲ್ಲೂ ನನಗಿರುವಂಥವೇ ಸಬ್ಬಕ್ಕಿಯಂಥ ಗುಳ್ಳೆಗಳು ಏಳುತ್ತಿದ್ದವಂತೆ.

“ಒದ್ದೆ ಗಂಬೂಟ್ ಹಾಕ್ಬೇಡಿ, ಬೆರಳಿನ ಸಂದು ಒರೆಸ್ಕೊಳ್ಳಿ, ಎಷ್ಟೇ ತುರಿಸಿದ್ರೂ ಗುಳ್ಳೆ ಒಡೀಬೇಡಿ ಅಂತ ನೀವೇ ಹೇಳಿದ್ದಲ್ವಾ? ನಂಗೆ ಎಷ್ಟೋ ಕಮ್ಮಿ ಆಯ್ತು” ಎಂದವರು ನನ್ನ ಶೂ ನೋಡಿ ನಕ್ಕುಬಿಟ್ಟರು. “ನಿಮಗೆ ಹೇಳೋರು ಯಾರೂ ಇಲ್ವಾ ಎಂತ?”

ಅದು ನಾನಲ್ಲ, ಬೇರೆ ಯಾರೋ ಇರಬೇಕು ಎನ್ನಲು ಹೊರಟೆ. ಆದರೆ ಚರ್ಮದ ಡಾಕ್ಟರು ನನಗೆ ಹೇಳಿದ್ದ ಮಾತುಗಳೇ ಅವು. ಪುರಾವೆಯಿಲ್ಲದೆ ಏನನ್ನೂ ಒಪ್ಪಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಈಗ ಪುರಾವೆ ಎದುರಿಗೇ ನಿಂತಿತ್ತು. ನನ್ನ ನೆನಪೇ ಕೈಕೊಟ್ಟಿತ್ತು. ಮುಲಾಮು ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದವನು, ಬಸ್ಸು ಬರುವವರೆಗೂ ನಿಂತಲ್ಲಿ ನಿಲ್ಲಲಾರದೆ ಅತ್ತಿಂದಿತ್ತ ಅಡ್ಡಾಡಿದೆ.

ಆ ಕೊಪ್ಪದ ಪ್ರಯಾಣ ಇಂದಿಗೂ ನೆನಪಾಗಿಲ್ಲ. ಗುಳ್ಳೆಗಳೂ ಆಗಾಗ ಬಂದುಹೋಗುತ್ತವೆ. ಆದರೆ ಈಗ ಬೆರಳ ಸಂದು ಒರೆಸದೆ, ಶೂ ಒಣಗಿಸದೆ ಹೊರಡುವುದಿಲ್ಲ. ತುರಿಕೆ ತಾಳಲಾರದೆ ಉಗುರು ಪಾದದತ್ತ ಹೋದಾಗ ನನ್ನನ್ನು ತಡೆಯುವುದು ಡಾಕ್ಟರ ಮಾತಲ್ಲ, ಆ ಹೆಂಗಸಿನ ನಗು.