ಮೂಲೆಯ ಶೆಡ್ಡಿನ ನಕ್ಷೆ

ಸ್ವೀಡನ್ನಿನ ಲಿಂಕೋಪಿಂಗಿನಲ್ಲಿ ಅದು ನನ್ನ ಪಿಎಚ್‌ಡಿಯ ಮೂರನೆಯ ವರ್ಷ. ಚೀನಾದ ಒಂದು ನಗರದಲ್ಲಿ ಮುಚ್ಚಿಹೋದ ಕಾರ್ಖಾನೆಯೊಂದು ಕಲಾವಿದರ ವಠಾರವಾದ ಬಗೆ ನನ್ನ ವಿಷಯವಾಗಿತ್ತು. ಬಾಡಿಗೆ ಕಡಿಮೆಯೆಂದು ಮೊದಲು ಚಿತ್ರಕಾರರು ಬಂದರು. ಕಟ್ಟಡಗಳನ್ನು ಕೆಡವಲು ಹೊರಟಿದ್ದ ಸರ್ಕಾರ, ಪ್ರವಾಸಿಗರು ಬರತೊಡಗಿದ ಮೇಲೆ ಆ ಜಾಗವನ್ನು ಸಾಂಸ್ಕೃತಿಕ ವಲಯವೆಂದು ಘೋಷಿಸಿ ಆಡಳಿತ ಕಚೇರಿ ತೆರೆಯಿತು. ಇಟ್ಟಿಗೆ ಗೋಡೆಗಳು ಉಳಿದವು. ಅವುಗಳ ಮೇಲೆ ಏನು ತೂಗುಹಾಕಬೇಕು, ಒಳಗೆ ಯಾರಿರಬೇಕು ಎಂಬುದನ್ನು ಕಚೇರಿ ನಿರ್ಧರಿಸತೊಡಗಿತು.

ಎರಡು ತಿಂಗಳು ಅಲ್ಲಿದ್ದು ಪ್ರತಿ ಶೆಡ್ಡನ್ನೂ ಅಳೆದು ನಕ್ಷೆ ಬರೆದಿದ್ದೆ. ಮೂಲೆಯ ಶೆಡ್ಡಿನಲ್ಲಿ ಒಬ್ಬ ಕಲಾವಿದೆ ಇದ್ದಳು. ಕಚೇರಿಯವರ ತಪಾಸಣೆಯ ದಿನ, ಅವರು ಒಪ್ಪದ ತನ್ನ ಚಿತ್ರಗಳನ್ನು ಅಟ್ಟಕ್ಕೇರಿಸಿ, ಕೆಳಗೆ ಬೆಟ್ಟ, ಹೊಳೆಯ ಚಿತ್ರಗಳನ್ನು ತೂಗುಹಾಕುತ್ತಿದ್ದಳು. ನನಗೆ ಅಟ್ಟ ತೋರಿಸಿ, "ಹೆಸರು ಬರೆಯಬೇಡ" ಎಂದಳು. ಬರೆಯಲಿಲ್ಲ. ಅಟ್ಟವನ್ನು ಮಾತ್ರ ಅಳತೆಯೊಂದಿಗೆ ಗುರುತಿಸಿದೆ.

ನಮ್ಮ ವಿಭಾಗದಲ್ಲಿ ಸೆಮಿನಾರಿಗೆ ಬರುವವರಿಗೆಲ್ಲ ಬರಹವನ್ನು ಒಂದು ವಾರ ಮೊದಲೇ ಕಳಿಸುವುದು ರೂಢಿ. ಪಕ್ಕದ ಊರಿನ ಹಳೆಯ ಬಟ್ಟೆ ಗಿರಣಿಗಳನ್ನು ನೋಡಲು ಚೀನಾದ ಅದೇ ಆಡಳಿತ ಕಚೇರಿಯ ಮೂವರು ಬರುವವರಿದ್ದರು. ನನ್ನ ಮಾರ್ಗದರ್ಶಕರು ಅವರನ್ನೂ ನನ್ನ ಸೆಮಿನಾರಿಗೆ ಕರೆದರು.

"ಅವರ ಬಗ್ಗೆ ಬರೆದು ಅವರಿಂದಲೇ ಮುಚ್ಚಿಡುವುದು ಸರಿಯಲ್ಲ. ಕಳಿಸಲೇ?" ಎಂದು ನನ್ನನ್ನು ಕೇಳಿದರು.

ನಕ್ಷೆಯನ್ನು ತೆಗೆಯಬಹುದಿತ್ತು. ಅದು ಬಹಳ ಚೆನ್ನಾಗಿ ಬಂದಿತ್ತು. ಕಳಿಸಿ ಎಂದೆ.

ಸೆಮಿನಾರಿನ ನಂತರ ಫೀಕಾ ಎಂಬ ಅಲ್ಲಿನ ಕಾಫಿ ವಿರಾಮದಲ್ಲಿ, ಲೋಟ ಹಿಡಿದು ನಿಂತಿದ್ದಾಗ, ಕಚೇರಿಯ ಮೂವರಲ್ಲಿ ಹಿರಿಯರು ನನ್ನ ನಕ್ಷೆಯ ಮೂಲೆಯ ಶೆಡ್ಡಿನ ಮೇಲೆ ಬೆರಳಿಟ್ಟರು. "ನಮ್ಮ ನಕ್ಷೆಯಲ್ಲಿ ಈ ಅಟ್ಟವೇ ಇಲ್ಲ. ನಿಮ್ಮ ಕೆಲಸ ಬಹಳ ಅಚ್ಚುಕಟ್ಟು," ಎಂದರು. ನಾನು ನಾಚಿ ಧನ್ಯವಾದ ಹೇಳಿದೆ.

ತಿಂಗಳೊಳಗೆ ಆ ಕಲಾವಿದೆಯ ಮೇಲ್ ಬಂತು. ಕಚೇರಿಯವರು ನೇರವಾಗಿ ಅಟ್ಟಕ್ಕೇ ಹತ್ತಿ ಎಲ್ಲ ಚಿತ್ರಗಳನ್ನೂ ಒಯ್ದಿದ್ದರು. ಶೆಡ್ಡು ಖಾಲಿ ಮಾಡಲು ಹದಿನೈದು ದಿನ ಕೊಟ್ಟಿದ್ದರು. ವಿಶ್ವವಿದ್ಯಾಲಯದಿಂದ ತನ್ನ ಪರವಾಗಿ ಒಂದು ಪತ್ರ ಬರೆಸಲಾದೀತೇ ಎಂದು ಕೇಳಿದ್ದಳು. ಆಗದಿದ್ದರೆ ಬರಹದಿಂದ ತನ್ನ ಭಾಗವನ್ನಾದರೂ ತೆಗೆದುಹಾಕು ಎಂದಿದ್ದಳು.

ಪತ್ರ ಸಂಶೋಧಕರ ಕೆಲಸವಲ್ಲ ಎಂದರು ಮಾರ್ಗದರ್ಶಕರು. ಭಾಗ ತೆಗೆಯುವುದನ್ನು ನನಗೇ ಬಿಟ್ಟರು. ನನ್ನ ಜೊತೆ ಮನೆ ಹಂಚಿಕೊಂಡಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗಿಗೆ ಹೇಳಿದೆ.

"ಹೆಸರು ಹಾಕಿಲ್ಲ ತಾನೆ? ಮತ್ತೇನೇ?"

"ಅಟ್ಟ ಹಾಕಿದೀನಿ."

"ಅಯ್ಯೋ, ಅವಳ ಕಥೆ ಮುಗೀತಲ್ಲ. ಈಗ ತೆಗೆದ್ರೆ ಅವಳಿಗೇನು ವಾಪಸ್ ಬರತ್ತೆ? ಆ ಚಾಪ್ಟರ್ ಬಿಟ್ರೆ ನಿನ್ನ ಥೀಸಿಸಲ್ಲಿ ಉಳಿಯೋದು ಕಾಫಿ ಅಂಗಡಿಗಳ ಲಿಸ್ಟ್ ಅಷ್ಟೇ ಕಣೇ."

ಅವಳು ಹೇಳಿದ್ದು ನಿಜವಾಗಿತ್ತು. ಭಾಗವನ್ನು ತೆಗೆಯಲಿಲ್ಲ. ತೆರವಿನ ಬಗ್ಗೆ ಎರಡು ಪುಟ ಸೇರಿಸಿದೆ. ದಿನಾಂಕಗಳೆಲ್ಲ ಕಲಾವಿದೆಯ ಮೇಲ್‌ನಲ್ಲೇ ಇದ್ದವು. ಪರೀಕ್ಷಕರಿಗೆ ಹಿಡಿಸಿದ್ದು ಆ ಎರಡು ಪುಟಗಳು. ಅವಳಿಗೆ ಮಾತ್ರ ನಾನು ಈವರೆಗೂ ಉತ್ತರ ಬರೆದಿಲ್ಲ.